ಬಿಸಿಲಿನ ಜೀವಸತ್ವವೂ ಮೂತ್ರಪಿಂಡವೂ

ಮೈಸೂರು ಸೀಮೆಯಲ್ಲಿ ಮಳೆಗೆ ಬರ ಬಂದುದುಂಟು, ಕೆರೆಗಳಿಗೆ ಬರ ಬಂದುದುಂಟು. ಬಿಸಿಲಿಗೆ ಬರ ಬಂದುದನ್ನು ಕಂಡವರಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಿಯೂ, ಕೃಷ್ಣರಾಜನಗರದ ಕಾಲುವೆಯ ಕೆಳಗಿನ ಗದ್ದೆಗಳಲ್ಲಿಯೂ, ಹೆಗ್ಗಡದೇವನಕೋಟೆಯ ರಾಗಿ, ಹತ್ತಿಗಳ ಬಯಲಿನಲ್ಲಿಯೂ ಬೆಳಗಿನಿಂದ ಬೈಗಿನವರೆಗೆ ದುಡಿಯುವ ಜನರಿಗೆ, “ನಿಮ್ಮ ಮೈಯಲ್ಲಿ ಬಿಸಿಲಿನ ಜೀವಸತ್ವವು ಕಡಮೆಯಾಗಿದೆ” ಎಂದು ಯಾರಾದರೂ ಹೇಳಿದರೆ, ಅವರು ನಕ್ಕುಬಿಡುವುದು ಸಹಜವೇ ಆಗಿದೆ. ಆದರೂ ವೈದ್ಯರು ಇಂದು ಈ ಮಾತನ್ನು ಹೇಳಬೇಕಾಗಿ ಬರುತ್ತಿದೆ. ಅದರಲ್ಲಿಯೂ ಬಹುಕಾಲದಿಂದ ಮಧುಮೇಹವುಳ್ಳವರಿಗೆ, ಮೂತ್ರಪಿಂಡಗಳು ಕುಂದಿದವರಿಗೆ ಹೆಚ್ಚಾಗಿ ಹೇಳಬೇಕಾಗಿ ಬರುತ್ತಿದೆ. ನಗೆಗೆ ತಕ್ಕಂತೆ ಕಾಣುವ ಈ ಮಾತಿನ ಹಿಂದೆ ಎಷ್ಟು ಗಂಭೀರವಾದ ಸಂಗತಿಯಿದೆಯೆಂಬುದನ್ನು ಗೃಹಸ್ಥರಾದವರೆಲ್ಲರೂ ತಿಳಿದಿರುವುದು ಮೇಲು.

ವಿಷಯವು ತಿಳಿಯಾಗುವುದಕ್ಕಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಇಂಥ ಸಂಸಾರಗಳು ನಮ್ಮ ಸುತ್ತಲೂ ಇರುವುದರಿಂದ ಕಲ್ಪನೆಗೆ ಹೆಚ್ಚಿನ ಶ್ರಮವಾಗದು. ಹುಣಸೂರಿನ ಕಡೆಯ ಒಬ್ಬ ಬೇಸಾಯಗಾರರು, ವಯಸ್ಸು 60, ಎರಡು ಎಕರೆ ಹೊಗೆಸೊಪ್ಪು, ಮನೆಯ ಮಟ್ಟಿಗೆ ರಾಗಿ. ಮಧುಮೇಹವು ಕಾಣಿಸಿಕೊಂಡು 15 ವರ್ಷಗಳಾಗಿವೆ. ಮಾತ್ರೆಗಳನ್ನು ನೆನಪಾದಾಗ ನುಂಗುವುದು, ಮರೆತಾಗ ಬಿಡುವುದು, ಹೀಗೆ ಕಾಲವು ಸಾಗಿದೆ. ಒಂದು ವರ್ಷದಿಂದ ಸೊಂಟದಲ್ಲಿಯೂ ತೊಡೆಗಳಲ್ಲಿಯೂ ಬಿಡದ ನೋವು. ಜಗಲಿಯ ಮೇಲಿಂದ ಏಳಬೇಕಾದರೆ ಎರಡು ಕೈಗಳನ್ನೂ ಊರಬೇಕು. ಮೆಟ್ಟಿಲು ಹತ್ತುವಾಗ ಗೋಡೆಯನ್ನು ಹಿಡಿಯಬೇಕು. “ವಯಸ್ಸಾಯಿತು” ಎಂದು ಅವರೂ, “ದುಡಿದ ಮೈ” ಎಂದು ಮನೆಯವರೂ ಸಮಾಧಾನ ಮಾಡಿಕೊಂಡರು. ಔಷಧದ ಅಂಗಡಿಯಿಂದ ನೋವಿನ ಮಾತ್ರೆಗಳು ಬಂದುವು. ಅವು ಮುಗಿದ ಮೇಲೆ ಮತ್ತೆ ಬಂದುವು. ಆಸ್ಪತ್ರೆಗೆ ಹೋಗುವ ಮಾತೆದ್ದಾಗಲೆಲ್ಲ, “ಕಟ್ಟೆಮಳಲವಾಡಿಯ ಹರಾಜು ಮುಗಿಯಲಿ, ಆಮೇಲೆ ನೋಡೋಣ” ಎಂಬ ಉತ್ತರವು ಸಿದ್ಧವಾಗಿತ್ತು. ಕೊನೆಗೆ ಪಾದಗಳು ಬಾತುಕೊಂಡುದನ್ನು ಸೊಸೆಯು ಕಂಡು ಹಟಹಿಡಿದು ಕರೆದುಕೊಂಡು ಹೋದಳು. ಪರೀಕ್ಷೆಯ ಕಾಗದಗಳು ಬಂದಾಗ, ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿರುವುದೂ, ಮೂತ್ರಪಿಂಡಗಳ ಶಕ್ತಿಯು ಅರ್ಧಕ್ಕಿಂತ ಕೆಳಗಿಳಿದಿರುವುದೂ, ರಕ್ತದಲ್ಲಿ ಜೀವಸತ್ವ ‘ಡಿ’ ಬಹಳ ಕಡಮೆಯಾಗಿರುವುದೂ ತಿಳಿದುಬಂದುವು.

“ಅಲ್ಲ ಕಣಮ್ಮ, 50 ವರ್ಷ ಬಿಸಿಲಿನಲ್ಲಿ ಬೆಂದ ಮೈ ಇದು. ನನಗೇ ಬಿಸಿಲು ಸಾಲದು ಅಂದರೆ ಇನ್ನು ಯಾರಿಗೆ ಸಾಕಾದೀತು?” ಎಂದು ಅವರು ಕೇಳಿದರು.

“ಬಿಸಿಲು ಸಾಲದು ಅಂತಲ್ಲ ಮಾವಯ್ಯ. ಬಿಸಿಲು ಕೊಟ್ಟದ್ದನ್ನು ಮೈಗೆ ಹತ್ತಿಸುವ ಕೆಲಸ ಮೂತ್ರಪಿಂಡದ್ದಂತೆ. ಅದೇ ಸೋತಿದೆ ಅಂದರು ಡಾಕ್ಟರು” ಎಂದು ಸೊಸೆಯು ಹೇಳಿದಳು.

ಈ ಉತ್ತರದಲ್ಲಿಯೇ ಇಡೀ ವಿಷಯದ ತಿರುಳು ಅಡಗಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ನೂರು ವರ್ಷಗಳ ಹಿಂದೆ ಯೂರೋಪಿನ ಹೊಗೆ ಕವಿದ ಪಟ್ಟಣಗಳಲ್ಲಿ ಎಳೆಯ ಮಕ್ಕಳ ಎಲುಬುಗಳು ಮೆತ್ತಗಾಗಿ ಕಾಲುಗಳು ಬಿಲ್ಲಿನಂತೆ ಬಾಗುವ ರಿಕೆಟ್ಸ್ ಎಂಬ ರೋಗವು ಮನೆಮನೆಯಲ್ಲಿಯೂ ಇದ್ದಿತು. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್ಬಿ ಎಂಬ ಪಂಡಿತನು ನಾಯಿಮರಿಗಳಲ್ಲಿ ಆ ರೋಗವನ್ನುಂಟುಮಾಡಿ, ಕಾಡ್ ಮೀನಿನ ಎಣ್ಣೆಯು ಅದನ್ನು ತಡೆಯುವುದೆಂದು ತೋರಿಸಿದನು. ಅದೇ ವರ್ಷವೇ ಬರ್ಲಿನ್ನಿನ ಹುಲ್ಡ್‌ಶಿನ್‌ಸ್ಕಿ ಎಂಬ ವೈದ್ಯನು, ಔಷಧವೊಂದನ್ನೂ ಕೊಡದೆ, ನೇರಳಾತೀತ ಕಿರಣಗಳನ್ನು ಬೀರುವ ದೀಪದ ಮುಂದೆ ಮಕ್ಕಳನ್ನು ಕೂರಿಸಿ ರೋಗವನ್ನು ಗುಣಪಡಿಸಿದನು. ನೇರಳಾತೀತ ಕಿರಣಗಳೆಂದರೆ ಕಣ್ಣಿಗೆ ಕಾಣದಿದ್ದರೂ ಬಿಸಿಲಿನಲ್ಲಿ ಸೇರಿಕೊಂಡಿರುವ ಒಂದು ಬಗೆಯ ಕಿರಣಗಳು. ಒಂದೇ ರೋಗವು ಎಣ್ಣೆಯಿಂದಲೂ ವಾಸಿಯಾಗುವುದು, ಬೆಳಕಿನಿಂದಲೂ ವಾಸಿಯಾಗುವುದು ಎಂಬುದು ದೊಡ್ಡ ಒಗಟಾಗಿತ್ತು. 1922ರಲ್ಲಿ ಅಮೆರಿಕದ ಮೆಕಾಲಮ್ ಎಂಬಾತನು ಮೀನೆಣ್ಣೆಯಲ್ಲಿದ್ದ ಆ ಸತ್ವವನ್ನು ಬೇರೆಯಾಗಿ ಗುರುತಿಸಿ, ಎ, ಬಿ, ಸಿ ಎಂಬ ಹೆಸರುಗಳು ಮುಗಿದಿದ್ದುದರಿಂದ ‘ಡಿ’ ಎಂದು ಕರೆದನು. ಒಗಟಿಗೆ ಉತ್ತರವು ಬಳಿಕ ದೊರೆಯಿತು: ನಮ್ಮ ಚರ್ಮದಲ್ಲಿರುವ ಕೊಬ್ಬಿನ ಜಾತಿಯ ಒಂದು ವಸ್ತುವು ಬಿಸಿಲು ತಾಗಿದೊಡನೆ ಅದೇ ಜೀವಸತ್ವವಾಗಿ ಮಾರ್ಪಡುತ್ತದೆ. ಉಳಿದ ಜೀವಸತ್ವಗಳನ್ನು ಬಹುಮಟ್ಟಿಗೆ ನಾವು ತಿನ್ನಬೇಕು. ಇದನ್ನು ಮೈಯೇ ಮಾಡಿಕೊಳ್ಳಬಲ್ಲುದು.

ಈ ಸತ್ವದ ಮುಖ್ಯವಾದ ಕೆಲಸವೇನೆಂದರೆ, ನಾವು ಉಣ್ಣುವ ಅನ್ನದಲ್ಲಿರುವ ಸುಣ್ಣದ ಅಂಶವನ್ನು, ಎಂದರೆ ಕ್ಯಾಲ್ಸಿಯಂ ಅನ್ನು, ಕರುಳಿನಿಂದ ರಕ್ತಕ್ಕೆ ಎಳೆದುಕೊಳ್ಳುವುದು. ನಮ್ಮ ರಾಗಿಯು ಈ ವಿಷಯದಲ್ಲಿ ಧಾನ್ಯಗಳಲ್ಲೆಲ್ಲ ಮೇಲಾದುದು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ಆದರೆ ತಟ್ಟೆಯಲ್ಲಿರುವುದೆಲ್ಲ ಎಲುಬಿಗೆ ಸೇರಿತೆಂದು ತಿಳಿಯಬಾರದು. ಜೀವಸತ್ವ ‘ಡಿ’ ಸಾಕಷ್ಟಿದ್ದರೆ ಉಂಡ ಸುಣ್ಣದಲ್ಲಿ 100ಕ್ಕೆ 30ರಿಂದ 40 ಪಾಲು ಮೈಗೆ ಸೇರುವುದು. ಅದು ಇಲ್ಲದಿದ್ದರೆ 10ರಿಂದ 15 ಪಾಲು ಮಾತ್ರ ಸೇರಿ, ಮಿಕ್ಕುದೆಲ್ಲ ವ್ಯರ್ಥವಾಗಿ ಹೊರಕ್ಕೆ ಹೋಗುವುದು. ಮುದ್ದೆಯನ್ನು ಉಂಡೂ ಎಲುಬು ಸವೆಯುವುದು ಹೀಗೆ.

ಇನ್ನು ಮೂತ್ರಪಿಂಡದ ಮಾತಿಗೆ ಬರೋಣ. ಕೃಷ್ಣರಾಜನಗರದವರಿಗೆ ಇದನ್ನು ಬತ್ತದ ದೃಷ್ಟಾಂತದಿಂದ ಹೇಳಿದರೆ ಬೇಗ ಮನಸ್ಸಿಗೆ ಹತ್ತುವುದು. ಗದ್ದೆಯಲ್ಲಿ ಬತ್ತವು ಬೆಳೆದ ಮಾತ್ರಕ್ಕೆ ಅನ್ನವಾಗುವುದಿಲ್ಲ. ಅದನ್ನು ಕೊಯ್ದು, ಬಡಿದು, ತೂರಿ, ಕಣಜಕ್ಕೆ ತುಂಬಬೇಕು. ಅಲ್ಲಿಂದ ಗಿರಣಿಗೆ ಒಯ್ದು ಅಕ್ಕಿ ಮಾಡಿಸಬೇಕು. ಆಗಲೇ ಅದು ಒಲೆಯ ಮೇಲಿಡಲು ಯೋಗ್ಯ. ನಮ್ಮ ಮೈಯಲ್ಲಿಯೂ ಹಾಗೆಯೇ. ಚರ್ಮವೇ ಗದ್ದೆ, ಬಿಸಿಲಿನಿಂದ ಅಲ್ಲಿ ಬೆಳೆಯುವ ಜೀವಸತ್ವವು ಬತ್ತವಿದ್ದ ಹಾಗೆ. ಯಕೃತ್ತು ಅದನ್ನು ಮೊದಲ ಬಾರಿಗೆ ಹದಗೊಳಿಸಿ, ಕಣಜದಲ್ಲಿ ಕೂಡಿಟ್ಟ ಹಾಗೆ ರಕ್ತದಲ್ಲಿ ಓಡಾಡುವಂತೆ ಮಾಡುತ್ತದೆ. ರಕ್ತಪರೀಕ್ಷೆಯಲ್ಲಿ ನಾವು ಅಳೆಯುವುದು ಈ ಕಣಜದ ದಾಸ್ತಾನನ್ನೇ. ಕೊನೆಯದಾಗಿ ಮೂತ್ರಪಿಂಡವೆಂಬ ಗಿರಣಿಯಲ್ಲಿ ಅದು ಕ್ಯಾಲ್ಸಿಟ್ರಯಾಲ್ ಎಂಬ ರೂಪಕ್ಕೆ ತಿರುಗಿದ ಮೇಲೆಯೇ ಕರುಳಿಗೂ ಎಲುಬಿಗೂ ಕೆಲಸಕ್ಕೆ ಬರುವುದು. ಈ ಕೊನೆಯ ಹೆಜ್ಜೆಯು ಮೂತ್ರಪಿಂಡದಲ್ಲಿ ನಡೆಯುವುದೆಂಬುದನ್ನು 1970ರಲ್ಲಿ ಕೇಂಬ್ರಿಜ್ಜಿನ ಫ್ರೇಸರ್ ಮತ್ತು ಕೋಡಿಚೆಕ್ ಎಂಬಿಬ್ಬರು, ಮೂತ್ರಪಿಂಡಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಆ ರೂಪವು ಉಂಟಾಗುವುದೇ ಇಲ್ಲವೆಂದು ತೋರಿಸಿ, ಸ್ಥಾಪಿಸಿದರು. ಅದಕ್ಕೂ ಮೊದಲೇ, 1943ರ ಹೊತ್ತಿಗೆ, ಪೀಕಿಂಗಿನ ಲಿಯು ಮತ್ತು ಚು ಎಂಬ ವೈದ್ಯರು, ಮೂತ್ರಪಿಂಡ ಕೆಟ್ಟವರ ಎಲುಬಿನ ರೋಗವು ಸಾಮಾನ್ಯವಾದ ಜೀವಸತ್ವ ‘ಡಿ’ಗೆ ಬಗ್ಗುವುದಿಲ್ಲವೆಂಬುದನ್ನು ಕಂಡಿದ್ದರು. ಅವರು ಕಂಡ ಸಂಗತಿಗೆ ಕಾರಣವು ದೊರೆತುದು ಇದರಿಂದ.

ಈ ಗಿರಣಿಯನ್ನು ಮಧುಮೇಹವು ಹೇಗೆ ಕೆಡಿಸುವುದೆಂಬುದನ್ನು ನೋಡೋಣ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿರುವರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ತಿಳಿಸಿತು. ಮಧುಮೇಹಿಗಳಲ್ಲಿ ಸುಮಾರು ಮೂವರಿಗೆ ಒಬ್ಬರಂತೆ ಕಾಲಕ್ರಮದಲ್ಲಿ ಮೂತ್ರಪಿಂಡದ ತೊಂದರೆಗೆ ಒಳಗಾಗುವರು. ಮೂತ್ರಪಿಂಡವೆಂದರೆ ಲಕ್ಷಾಂತರ ಸೂಕ್ಷ್ಮವಾದ ಜರಡಿಗಳ ಒಂದು ಕಟ್ಟು. ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಹೆಚ್ಚಿದ್ದರೆ ಆ ಜರಡಿಗಳ ಕಣ್ಣುಗಳು ಸಡಿಲವಾಗುವುವು. ಮೈಯಲ್ಲಿ ಉಳಿಯಬೇಕಾದ ಆಲ್ಬುಮಿನ್ ಮೊದಲಾದ ಸಸಾರಜನಕಗಳು ಸೋರಿ ಮೂತ್ರದೊಡನೆ ಹೋಗುವುವು. ಜೀವಸತ್ವ ‘ಡಿ’ಯನ್ನು ರಕ್ತದಲ್ಲಿ ಹೊತ್ತು ತಿರುಗುವ ಬಂಡಿಯೂ ಒಂದು ಸಸಾರಜನಕವೇ. ಸೋರಿಕೆಯು ಹೆಚ್ಚಿದಂತೆಲ್ಲ ಬಂಡಿಯೂ ಹೋಗುವುದು, ಬಂಡಿಯಲ್ಲಿದ್ದ ಸರಕೂ ಹೋಗುವುದು. ಹೀಗೆ ಕಣಜವು ಬರಿದಾಗುವುದಕ್ಕೆ ಇದು ಒಂದು ಕಾರಣವು.

ಎರಡನೆಯ ಕಾರಣವು ಇನ್ನೂ ಗಹನವಾದುದು. ಮೂತ್ರಪಿಂಡವು ಕುಂದಿದಾಗ ಆಹಾರದಲ್ಲಿ ಬಂದ ರಂಜಕವು, ಎಂದರೆ ಫಾಸ್ಫರಸ್ಸು, ಪೂರ್ತಿಯಾಗಿ ಹೊರಕ್ಕೆ ಹೋಗದೆ ಮೈಯಲ್ಲಿ ನಿಲ್ಲಲು ಹವಣಿಸುತ್ತದೆ. ಅದನ್ನು ಹೊರಹಾಕಿಸುವುದಕ್ಕಾಗಿ ಎಲುಬುಗಳು ಒಂದು ರಸವನ್ನು ಹೊರಡಿಸುತ್ತವೆ. ಆ ರಸವೇ ಮೂತ್ರಪಿಂಡದ ಗಿರಣಿಗೆ “ನಿಲ್ಲಿಸು” ಎಂಬ ಅಪ್ಪಣೆಯನ್ನೂ ಕೊಡುತ್ತದೆ. ಅಳಿದುಳಿದ ಗಿರಣಿಯೂ ಹೀಗೆ ನಿಂತುಹೋಗಿ, ಕರುಳು ಸುಣ್ಣವನ್ನು ಎಳೆದುಕೊಳ್ಳಲಾರದೆ, ರಕ್ತದಲ್ಲಿ ಸುಣ್ಣದ ಮಟ್ಟವು ಇಳಿಯತೊಡಗುವುದು. ರಕ್ತದಲ್ಲಿ ಸುಣ್ಣವು ಇಳಿದರೆ ಹೃದಯವೇ ನಡೆಯದು. ಆದುದರಿಂದ ಕುತ್ತಿಗೆಯಲ್ಲಿ ಅಕ್ಕಿಯ ಕಾಳಿನ ಗಾತ್ರವಾಗಿ ಅಡಗಿರುವ ಪ್ಯಾರಾಥೈರಾಯ್ಡ್ ಎಂಬ ನಾಲ್ಕು ಗ್ರಂಥಿಗಳು ಎಚ್ಚೆತ್ತು, ಎಲುಬುಗಳಲ್ಲಿ ಕೂಡಿಟ್ಟ ಸುಣ್ಣವನ್ನು ಕರಗಿಸಿ ರಕ್ತಕ್ಕೆ ತರಿಸುವುವು. ಬಿತ್ತನೆಯ ಬೀಜವನ್ನೇ ಉಂಡು ಹಸಿವನ್ನು ಕಳೆಯುವ ಸಂಸಾರದ ಗತಿಯು ಆಗ ಮೈಗೆ ಬರುವುದು. ಎಲುಬುಗಳು ಟೊಳ್ಳಾಗಿ ನೋಯುವುವು, ಸಣ್ಣ ಪೆಟ್ಟಿಗೆ ಮುರಿಯುವುವು, ಮಾಂಸಖಂಡಗಳು ಬಲಗುಂದುವುವು, ಸುಣ್ಣವೂ ರಂಜಕವೂ ಕೂಡಿ ರಕ್ತನಾಳಗಳ ಗೋಡೆಯಲ್ಲಿ ಗಾರೆಯಂತೆ ಕಟ್ಟಿಕೊಂಡು ಹೃದಯಕ್ಕೆ ಅಪಾಯವನ್ನು ತರುವುವು. ಎಲುಬಿನ ರೋಗವೆಂದು ತೋರಿದುದು ಕೊನೆಗೆ ಹೃದಯದ ರೋಗವಾಗಿ ಪರಿಣಮಿಸುವುದೇ ಇಲ್ಲಿಯ ಭಯವು.

ಹಾಗಾದರೆ ಮೂತ್ರಪಿಂಡವು ನೆಟ್ಟಗಿರುವವರಿಗೆಲ್ಲ ನಮ್ಮ ಬಿಸಿಲು ಸಾಕೇ? ಇದಕ್ಕೂ ಉತ್ತರವು ನಮ್ಮ ಜಿಲ್ಲೆಯಲ್ಲಿಯೇ ದೊರೆತಿದೆ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆಯೆಂದು ಪ್ರಸಿದ್ಧವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಹೆರಿಗೆಗೆ ಬಂದ ತಾಯಂದಿರಲ್ಲಿ 559 ಮಂದಿಯ ರಕ್ತದಲ್ಲಿದ್ದ ಜೀವಸತ್ವ ‘ಡಿ’ಯನ್ನು ಅಳೆದು, ಅದರ ಫಲವನ್ನು 2009ರಲ್ಲಿ ಪ್ರಕಟಿಸಿದರು. 100ಕ್ಕೆ 66 ಮಂದಿಯಲ್ಲಿ ಅದು ಮಿಲಿಲೀಟರಿಗೆ 20 ನ್ಯಾನೋಗ್ರಾಂ ಎಂಬ ಮಟ್ಟಕ್ಕಿಂತ ಕೆಳಗಿದ್ದಿತು. ಋತುವಿನಿಂದ ಋತುವಿಗೆ ಅದು ಏರಿಳಿಯುವುದೂ ಕಂಡುಬಂದಿತು. ಅವರು ಮೂತ್ರಪಿಂಡದ ರೋಗಿಗಳಲ್ಲ. ಗಿರಣಿಯು ನೆಟ್ಟಗಿದ್ದ ಹರೆಯದ ತಾಯಂದಿರು. ಅವರ ಕಣಜವೇ ಹೀಗೆ ಬರಿದಾಗಿದ್ದ ಮೇಲೆ, ರೋಗದಿಂದ ಮನೆಯೊಳಗೆ ಮಲಗಿದ ವೃದ್ಧರ ಪಾಡನ್ನು ಬೇರೆ ಹೇಳಬೇಕಾದುದಿಲ್ಲ.

ಬಿಸಿಲಿನ ನಾಡಿನಲ್ಲಿ ಹೀಗೇಕೆ ಆಗುತ್ತದೆ? ಬಿಸಿಲು ಊರಮೇಲೆ ಬಿದ್ದರೆ ಸಾಲದು, ಚರ್ಮದ ಮೇಲೆ ಬೀಳಬೇಕು. ನಮ್ಮ ಹೆಂಗಸರು ಮೈತುಂಬ ಉಟ್ಟು, ಹಗಲಿನ ಬಹುಭಾಗವನ್ನು ಅಡಿಗೆಮನೆಯಲ್ಲಿಯೂ ನಡುಮನೆಯಲ್ಲಿಯೂ ಕಳೆಯುವರು. ಕಪ್ಪು ಚರ್ಮವು ಬಿಸಿಲಿನ ಬೇಗೆಯಿಂದ ರಕ್ಷಿಸುವುದಾದರೂ, ಅದೇ ಕಾರಣದಿಂದ ಜೀವಸತ್ವವನ್ನು ಮಾಡಲು ಹೆಚ್ಚು ಹೊತ್ತನ್ನು ಬೇಡುವುದು. ವಯಸ್ಸಾದಂತೆ ಚರ್ಮದ ಈ ಶಕ್ತಿಯೂ ಕುಗ್ಗುವುದು. ಕೊಡಗಿನ ಮಗ್ಗುಲಲ್ಲಿರುವ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳಲ್ಲಿ ಆಷಾಢ ಶ್ರಾವಣಗಳ ಮೋಡವು ದಿನಗಟ್ಟಲೆ ಕವಿದಿರುವುದು; ಹೊಗೆಸೊಪ್ಪನ್ನು ಕುಯ್ದು ಬ್ಯಾರನ್ನಿನಲ್ಲಿ ಹದಮಾಡುವುದೂ ಅದೇ ಕಾಲದಲ್ಲಿಯೇ. ಮಧುಮೇಹಿಗಳ ಪಾಲಿಗೆ ಇನ್ನೂ ಎರಡು ಕಾರಣಗಳುಂಟು. ಸ್ಥೂಲಕಾಯರಾದವರಲ್ಲಿ ಈ ಸತ್ವವು ಕೊಬ್ಬಿನಲ್ಲಿ ಹುದುಗಿಕೊಂಡು ರಕ್ತಕ್ಕೆ ಸಾಕಷ್ಟು ಸಿಕ್ಕುವುದಿಲ್ಲ. ಕಾಲಿನ ಹುಣ್ಣು, ಕಣ್ಣಿನ ಮಸುಕು, ಆಯಾಸಗಳಿಂದ ಹೊಲಕ್ಕೆ ಹೋಗುತ್ತಿದ್ದವರು ಜಗಲಿಗೂ, ಜಗಲಿಯವರು ಹಾಸಿಗೆಗೂ ಸರಿಯುವರು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಯಂತ್ರದ ಬಳಿ ನಾಲ್ಕು ತಾಸು ಮಲಗಬೇಕಾದವರಿಗಂತೂ ಹಗಲೆಂಬುದೇ ಆಸ್ಪತ್ರೆಯ ಗೋಡೆಗಳೊಳಗೆ ಕಳೆದುಹೋಗುವುದು.

ಇಷ್ಟನ್ನು ಓದಿದವರು, “ಹಾಗಾದರೆ ಈ ಜೀವಸತ್ವವನ್ನು ನುಂಗಿಬಿಟ್ಟರೆ ಮಧುಮೇಹವೂ ಹೋಗುವುದು, ಮೂತ್ರಪಿಂಡವೂ ಚಿಗುರುವುದು” ಎಂದು ಆಶೆಪಡಬಹುದು. ಮೊಬೈಲಿನಲ್ಲಿ ಬರುವ ಸಲಹೆಗಳೂ ಇದನ್ನೇ ಹೇಳುವುವು. ಸತ್ಯವು ಅಷ್ಟು ಸಿಹಿಯಾದುದಲ್ಲ. ಮೇಲೆ ಹೇಳಿದ ಮೈಸೂರಿನ ತಾಯಂದಿರಲ್ಲಿಯೇ, ಕೊರತೆಯಿದ್ದವರಿಗೂ ಇಲ್ಲದವರಿಗೂ ಬಸುರಿನ ಮಧುಮೇಹವು ಸಮವಾಗಿ, 100ಕ್ಕೆ 7ರಂತೆ, ಕಾಣಿಸಿಕೊಂಡಿತು. 2019ರಲ್ಲಿ ಅಮೆರಿಕದಲ್ಲಿ ಎರಡು ದೊಡ್ಡ ಪರೀಕ್ಷೆಗಳ ಫಲವು ಹೊರಬಿದ್ದಿತು. ಮಧುಮೇಹದ ಅಂಚಿನಲ್ಲಿದ್ದ 2,423 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 4,000 ಯೂನಿಟ್ಟಿನಂತೆ ಈ ಸತ್ವವನ್ನು ಕೊಟ್ಟು ಎರಡೂವರೆ ವರ್ಷ ನೋಡಿದಾಗ, 293 ಮಂದಿಗೆ ಮಧುಮೇಹವು ಬಂದಿತು. ಹುಸಿಮಾತ್ರೆ ನುಂಗಿದವರಲ್ಲಿ 323 ಮಂದಿಗೆ ಬಂದಿತು. ಇಷ್ಟು ಸಣ್ಣ ಅಂತರವನ್ನು ಔಷಧದ ಗುಣವೆಂದು ನಿಶ್ಚಯಿಸಲು ಬರುವುದಿಲ್ಲ. ಮತ್ತೊಂದರಲ್ಲಿ 1,312 ಮಂದಿ ಮಧುಮೇಹಿಗಳನ್ನು ಐದು ವರ್ಷ ಗಮನಿಸಿದರು. ದಿನಕ್ಕೆ 2,000 ಯೂನಿಟ್ಟು ತೆಗೆದುಕೊಂಡವರ ಮೂತ್ರಪಿಂಡಗಳೂ ತೆಗೆದುಕೊಳ್ಳದವರ ಮೂತ್ರಪಿಂಡಗಳೂ ಒಂದೇ ಸಮನಾಗಿ ಸವೆದುವು. 2023ರಲ್ಲಿ ಇಂಥ ಮೂರು ಪರೀಕ್ಷೆಗಳನ್ನು ಒಟ್ಟಿಗೆ ಕೂಡಿಸಿ ನೋಡಿದಾಗ, ಮಧುಮೇಹದ ಅಂಚಿನಲ್ಲಿರುವವರಿಗೆ ಸ್ವಲ್ಪ ಅನುಕೂಲವಾದೀತೆಂದು ಕಂಡುಬಂದಿದೆ. ಬಂದಿರುವ ಮಧುಮೇಹವನ್ನು ಅದು ಕಳೆಯುವುದೆಂದು ಯಾರೂ ತೋರಿಸಿಲ್ಲ. ಆದುದರಿಂದ ನಾವು ನೆನಪಿನಲ್ಲಿಡಬೇಕಾದ ಮಾತು ಇದು: ಜೀವಸತ್ವ ‘ಡಿ’ ಎಲುಬಿನ ಆಧಾರವೇ ಹೊರತು ಮಧುಮೇಹದ ಮದ್ದಲ್ಲ. ಮೂತ್ರಪಿಂಡವನ್ನು ಕಾಪಾಡುವುದು ಸಕ್ಕರೆಯ ಹತೋಟಿ, ರಕ್ತದೊತ್ತಡದ ಹತೋಟಿ, ವೈದ್ಯರು ಕೊಟ್ಟ ಔಷಧದ ಕ್ರಮವಾದ ಸೇವನೆ, ಹೊಗೆಸೊಪ್ಪಿನ ತ್ಯಾಗ, ಇವುಗಳಿಂದಲೇ. ಹೊಗೆಸೊಪ್ಪನ್ನು ಬೆಳೆಯುವ ಸೀಮೆಯಲ್ಲಿ ಕೊನೆಯ ಮಾತನ್ನು ಹೇಳುವುದು ಕಷ್ಟವಾದರೂ ಹೇಳದೆ ವಿಧಿಯಿಲ್ಲ.

ಕೊರತೆಯಷ್ಟೇ ಅತಿಯೂ ಕೆಟ್ಟದ್ದು. ಔಷಧದ ಅಂಗಡಿಗಳಲ್ಲಿ ಈ ಸತ್ವವು 60,000 ಯೂನಿಟ್ಟಿನ ಪೊಟ್ಟಣಗಳಾಗಿಯೂ ಗುಳಿಗೆಗಳಾಗಿಯೂ ದೊರೆಯುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ನಿರ್ಣಯಿಸಿದಂತೆ ಪ್ರಾಯದವರಿಗೆ ದಿನಕ್ಕೆ ಬೇಕಾದುದು 600 ಯೂನಿಟ್ಟು. ಎಂದರೆ ಒಂದು ಪೊಟ್ಟಣದಲ್ಲಿ 100 ದಿನಗಳ ಪಾಲು ಇರುವುದೆಂದಾಯಿತು. ಕೊರತೆಯು ಖಚಿತವಾದಾಗ ವೈದ್ಯರು ಇದನ್ನು ವಾರಕ್ಕೊಂದರಂತೆ ಕೆಲವು ವಾರಗಳ ಮಟ್ಟಿಗೆ ಕೊಡುವುದುಂಟು. ಆದರೆ ನೆರೆಮನೆಯವರಿಗೆ ಗುಣವಾಯಿತೆಂದು ತಾವೂ ತರಿಸಿ, ದಿನಕ್ಕೊಂದರಂತೆ ತಿಂಗಳುಗಟ್ಟಲೆ ನುಂಗಿದರೆ ಗತಿಯೇನು? ಈ ಸತ್ವವು ಕೊಬ್ಬಿನಲ್ಲಿ ಕರಗಿ ಮೈಯಲ್ಲಿ ನಿಲ್ಲುವುದೇ ಹೊರತು ಹೆಚ್ಚಾದುದು ಮೂತ್ರದೊಡನೆ ಹೋಗಿಬಿಡುವುದಿಲ್ಲ. ಅತಿಯಾದಾಗ ರಕ್ತದಲ್ಲಿ ಸುಣ್ಣವು ಏರಿ, ಅಗ್ನಿಮಾಂದ್ಯ, ವಾಂತಿ, ಮಲಬದ್ಧತೆ, ಮನಸ್ಸಿನ ಮಂಕು, ವಿಪರೀತವಾದ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಇವುಗಳುಂಟಾಗುವುವು. ಕೊನೆಯ ಎರಡು ಚಿಹ್ನೆಗಳನ್ನು ಕಂಡ ಮನೆಯವರು “ಸಕ್ಕರೆ ಏರಿದೆ” ಎಂದು ತಪ್ಪು ತಿಳಿಯುವ ಸಂಭವವಿರುವುದರಿಂದ ಇದು ಮಧುಮೇಹಿಗಳಲ್ಲಿ ವಿಶೇಷ ಮೋಸದ್ದು. ಕುಂದಿದ ಮೂತ್ರಪಿಂಡಕ್ಕೆ ಇದರಿಂದ ಮತ್ತೊಂದು ಪೆಟ್ಟು ಬಿದ್ದಂತಾಗುವುದು. ಎಲೆಯಡಿಕೆಯ ಸುಣ್ಣವನ್ನು ಮಜ್ಜಿಗೆಯಲ್ಲಿ ಕದಡಿ ಕುಡಿದರೆ ಎಲುಬು ಗಟ್ಟಿಯಾಗುವುದೆಂಬ ಉಪದೇಶವನ್ನೂ ಇಂಥವರು ಪಾಲಿಸಬಾರದು.

ನೋವಿನ ಮಾತ್ರೆಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈ ಲೇಖನದಿಂದ ಓದುಗರು ಒಂದೇ ಒಂದು ವಿಷಯವನ್ನು ಮನೆಗೆ ಒಯ್ಯುವುದಾದರೆ ಇದನ್ನೇ ಒಯ್ಯಲಿ. ಎಲುಬು ನೋಯುವುದಕ್ಕೆ ಕಾರಣವು ಮೂತ್ರಪಿಂಡದ ಕುಂದು. ನೋವನ್ನು ತಡೆಯಲಾರದೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಂತಾದ ಮಾತ್ರೆಗಳು ಅದೇ ಮೂತ್ರಪಿಂಡವನ್ನು ಮತ್ತಷ್ಟು ಕೆಡಿಸುವಂಥವು. ಉರಿಯುವ ಮನೆಗೆ ನೀರೆಂದು ತಿಳಿದು ಎಣ್ಣೆಯನ್ನೆರೆದ ಹಾಗಾಗುವುದು. ಮಧುಮೇಹವುಳ್ಳವರು ಯಾವ ನೋವಿನ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬಾರದು. ಕೇಳುವಾಗ ತಮಗೆ ಮಧುಮೇಹವಿದೆಯೆಂಬುದನ್ನೂ, ಮೂತ್ರಪಿಂಡದ ಪರೀಕ್ಷೆಯಲ್ಲಿ ಏನು ಕಂಡಿತೆಂಬುದನ್ನೂ ಮುಚ್ಚಿಡದೆ ಹೇಳಬೇಕು.

ಇನ್ನು ಮನೆಯಲ್ಲಿ ಮಾಡಬೇಕಾದುದೇನು? ಮೊದಲನೆಯದು ಪರೀಕ್ಷೆ. ಮೂತ್ರಪಿಂಡದ ರೋಗವು ಕಳ್ಳನಂತೆ ಸದ್ದಿಲ್ಲದೆ ಬರುವುದು. ಪಾದ ಬಾತುಕೊಳ್ಳುವ ಹೊತ್ತಿಗೆ ಬಹಳಷ್ಟು ನಷ್ಟವಾಗಿರುವುದು. ಆದುದರಿಂದ ನಡುವಯಸ್ಸಿನವರ ಮಧುಮೇಹವು ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂಬುದನ್ನೂ, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆಯೆಂಬುದನ್ನೂ ನೋಡಿಸಬೇಕು. ಕ್ರಿಯಾಟಿನಿನ್ನಿನಿಂದ ಲೆಕ್ಕಹಾಕಿ ಮೂತ್ರಪಿಂಡದ ಶಕ್ತಿಯನ್ನು ‘ಇಜಿಎಫ್‌ಆರ್’ ಎಂಬ ಅಂಕೆಯಿಂದ ಕಾಗದದಲ್ಲಿ ಬರೆದಿರುವರು. ಅದು 60ಕ್ಕಿಂತ ಕೆಳಗೆ ಇಳಿದು ಹಾಗೆಯೇ ಉಳಿದರೆ, ಸುಣ್ಣ, ರಂಜಕ, ಪ್ಯಾರಾಥೈರಾಯ್ಡ್ ರಸ, ಜೀವಸತ್ವ ‘ಡಿ’, ಇವುಗಳನ್ನೂ ನೋಡಿಸಬೇಕೇ ಎಂದು ವೈದ್ಯರನ್ನು ಕೇಳತಕ್ಕದ್ದು. ಆರೋಗ್ಯವಾಗಿರುವವರೆಲ್ಲರೂ ಹಣವನ್ನು ಕೊಟ್ಟು ಜೀವಸತ್ವದ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕಾದುದಿಲ್ಲ. ಹಳೆಯ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿಟ್ಟು ಪ್ರತಿಸಲವೂ ಜೊತೆಗೊಯ್ಯುವ ಗೃಹಿಣಿಯು ವೈದ್ಯನಿಗೆ ಅರ್ಧ ಸಹಾಯವನ್ನು ಮಾಡಿದಂತೆಯೇ ಸರಿ. ಒಂದು ಅಂಕೆಗಿಂತಲೂ ವರ್ಷದಿಂದ ವರ್ಷಕ್ಕೆ ಅದು ಇಳಿದು ಬಂದ ದಾರಿಯು ಹೆಚ್ಚನ್ನು ತಿಳಿಸುವುದು.

ಎರಡನೆಯದು ಔಷಧದ ಬಗೆ. ಕಣಜವು ಬರಿದಾಗಿ ಗಿರಣಿಯು ಇನ್ನೂ ನಡೆಯುತ್ತಿದ್ದರೆ ಸಾಮಾನ್ಯ ಜೀವಸತ್ವವೇ ಸಾಕು. ಗಿರಣಿಯೇ ನಿಂತು ಪ್ಯಾರಾಥೈರಾಯ್ಡಿನ ಹಾವಳಿಯು ಏರುತ್ತಿದ್ದರೆ, ಗಿರಣಿಯಿಂದ ಹೊರಬಂದ ಅಕ್ಕಿಯನ್ನೇ ಕೊಟ್ಟ ಹಾಗೆ, ಕ್ಯಾಲ್ಸಿಟ್ರಯಾಲ್ ಮೊದಲಾದ ಸಿದ್ಧರೂಪವನ್ನು ಕೊಡುವರು. ಈ ಎರಡನೆಯದು ತೀವ್ರವಾದ ಔಷಧವಾದುದರಿಂದ ಎಲ್ಲರಿಗೂ ಕೊಡುವಂಥದಲ್ಲ. ಕೊಟ್ಟಾಗ ರಕ್ತದ ಸುಣ್ಣವನ್ನು ಆಗಾಗ ನೋಡುತ್ತಿರಬೇಕು. ಹೆಸರು ಹತ್ತಿರವಾಗಿದೆಯೆಂದು ಒಂದರ ಬದಲು ಮತ್ತೊಂದನ್ನು ಅಂಗಡಿಯಲ್ಲಿ ಕೊಳ್ಳಕೂಡದು. ರಂಜಕವನ್ನು ಹಿಡಿದಿಡುವ ಮಾತ್ರೆಗಳನ್ನು ಬರೆದುಕೊಟ್ಟಿದ್ದರೆ ಅವುಗಳನ್ನು ಊಟದೊಡನೆಯೇ ನುಂಗಬೇಕು. ಊಟವಾದ ಎರಡು ತಾಸಿನ ಮೇಲೆ ನುಂಗಿದರೆ ಫಲವಿಲ್ಲ.

ಮೂರನೆಯದು ಬಿಸಿಲು. ಎಳೆಬಿಸಿಲು ಒಳ್ಳೆಯದೆಂದು ಹಿರಿಯರು ಹೇಳುವರು; ಅದು ಮೈಗೆ ಹಿತವೆಂಬುದು ನಿಜ. ಆದರೆ ಜೀವಸತ್ವವನ್ನು ಮಾಡುವ ಕಿರಣಗಳು ಬೆಳಗ್ಗೆ 7 ಗಂಟೆಯ ಓರೆಬಿಸಿಲಿನಲ್ಲಿ ಬಹಳ ಕಡಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು ಇದಕ್ಕೆ ತಕ್ಕ ಹೊತ್ತು; ನಮ್ಮಲ್ಲಿ ಸುಮಾರು 10 ಗಂಟೆಯಿಂದ 3 ಗಂಟೆಯವರೆಗೆ. ಕೈಗಳೂ ಮೊಣಕಾಲಿನ ಕೆಳಭಾಗವೂ ಬಿಸಿಲಿಗೆ ಒಡ್ಡುವಂತೆ 20 ನಿಮಿಷದಿಂದ ಅರ್ಧ ಗಂಟೆ, ವಾರಕ್ಕೆ ಕೆಲವು ದಿನ, ತಲೆಗೆ ನೆರಳು ಮಾಡಿಕೊಂಡು ಕುಳಿತರೆ ಸಾಕು. ಗಾಜಿನ ಕಿಟಕಿಯ ಒಳಗೆ ಬೀಳುವ ಬಿಸಿಲು ಇದಕ್ಕೆ ಬಾರದು. ಮಧುಮೇಹಿಗಳು ಮಾತ್ರ ಬರಿಗಾಲಿನಲ್ಲಿ ಕಾದ ಅಂಗಳಕ್ಕಾಗಲಿ ಹೆಂಚಿಗಾಗಲಿ ಇಳಿಯಬಾರದು. ಮರಗಟ್ಟಿದ ಪಾದಕ್ಕೆ ಸುಟ್ಟುದೇ ತಿಳಿಯದೆ ಹುಣ್ಣಾಗುವುದು. ನೀರನ್ನು ಅಳೆದು ಕುಡಿಯಬೇಕಾದ ಡಯಾಲಿಸಿಸ್ಸಿನವರು ಬಾಯಾರುವಷ್ಟು ಹೊತ್ತು ಬಿಸಿಲಿನಲ್ಲಿರಬಾರದು. ಮೂತ್ರಪಿಂಡವು ತೀರ ಕುಂದಿದವರಿಗೆ ಬಿಸಿಲು ಕಣಜವನ್ನು ತುಂಬಬಲ್ಲುದೇ ಹೊರತು ಗಿರಣಿಯನ್ನು ನಡೆಸಲಾರದೆಂಬುದನ್ನು ಮರೆಯಲಾಗದು.

ನಾಲ್ಕನೆಯದು ಆಹಾರ. ಮೊಟ್ಟೆಯ ಹಳದಿ, ಕೊಬ್ಬಿರುವ ಸಮುದ್ರದ ಮೀನು, ಇವೆರಡನ್ನು ಬಿಟ್ಟರೆ ಈ ಸತ್ವವು ಅನ್ನದಲ್ಲಿ ದೊರೆಯುವುದು ಅಪೂರ್ವ. ಜೀವಸತ್ವವನ್ನು ಸೇರಿಸಿದ ಹಾಲು, ಅಡಿಗೆಯ ಎಣ್ಣೆಗಳ ಮೇಲೆ ‘ಪ್ಲಸ್ ಎಫ್’ ಎಂಬ ನೀಲಿಯ ಗುರುತಿರುವುದು. ಶಾಕಾಹಾರಿಗಳಿಗೆ ಅದು ಅನುಕೂಲ. ಆದರೆ ಹಾಲು, ಮೊಸರುಗಳಲ್ಲಿ ರಂಜಕವೂ ಇರುವುದರಿಂದ ಮೂತ್ರಪಿಂಡ ಕೆಟ್ಟವರು ಎಷ್ಟು ಕುಡಿಯಬೇಕೆಂಬುದನ್ನು ವೈದ್ಯರಿಂದಲೇ ತಿಳಿಯಬೇಕು. ಒಣಮೀನಿನಲ್ಲಿ ಉಪ್ಪು ವಿಪರೀತ. ಅದು ರಕ್ತದೊತ್ತಡಕ್ಕೆ ವೈರಿ. ಕೋಲಾ ಜಾತಿಯ ಸೀಸೆಯ ಪಾನೀಯಗಳಲ್ಲಿಯೂ, ಪೊಟ್ಟಣದ ಸಂಸ್ಕರಿಸಿದ ತಿಂಡಿಗಳಲ್ಲಿಯೂ ಬೆರೆಸಿರುವ ರಂಜಕವು ಧಾನ್ಯ ಬೇಳೆಗಳಲ್ಲಿರುವುದಕ್ಕಿಂತ ಬೇಗ ರಕ್ತಕ್ಕೆ ಸೇರುವುದು. ಅವುಗಳನ್ನು ಬಿಟ್ಟರೆ ನಷ್ಟವೇನೂ ಇಲ್ಲ.

ನಾವು ಕಲ್ಪಿಸಿಕೊಂಡ ಹುಣಸೂರಿನ ಮನೆಗೆ ಮತ್ತೆ ಹೋಗೋಣ. ಅಲ್ಲಿಯ ಯಜಮಾನರಿಗೆ ಕಳೆದುಹೋದ ಮೂತ್ರಪಿಂಡದ ಶಕ್ತಿಯು ಹಿಂದಿರುಗಿ ಬಾರದು. ಹಾಗೆಂದು ಯಾವ ಸತ್ಯವಂತ ವೈದ್ಯನೂ ಮಾತು ಕೊಡಲಾರನು. ಆದರೆ ನೋವಿನ ಮಾತ್ರೆಗಳು ನಿಂತು, ಸಕ್ಕರೆಯೂ ಒತ್ತಡವೂ ಹತೋಟಿಗೆ ಬಂದು, ಕೊರತೆಯನ್ನು ಅಳತೆಯಿಂದ ತುಂಬಿದರೆ, ಇನ್ನೂ ಹಲವು ವರ್ಷಗಳ ಕಾಲ ಅವರು ಡಯಾಲಿಸಿಸ್ಸಿನ ಹಾಸಿಗೆಯಿಂದ ದೂರವಿರುವ ಸಂಭವವುಂಟು. ಜಗಲಿಯಿಂದ ಕೈಯೂರದೆ ಏಳುವ ಸಂಭವವೂ ಉಂಟು. ಐದು ವರ್ಷ ಮೊದಲೇ ಒಂದು ಲೋಟ ಮೂತ್ರವನ್ನು ಪರೀಕ್ಷೆ ಮಾಡಿಸಿದ್ದರೆ ಇದಕ್ಕಿಂತ ಎಷ್ಟೋ ಮೇಲಾಗುತ್ತಿತ್ತು. ಹೊಗೆಸೊಪ್ಪಿನ ಹರಾಜು ವರ್ಷವರ್ಷವೂ ಬರುವುದು. ಬತ್ತವು ಮುಂದಿನ ಮಳೆಗೆ ಮತ್ತೆ ಬೆಳೆಯುವುದು. ಮೂತ್ರಪಿಂಡಕ್ಕೆ ಎರಡನೆಯ ಬೆಳೆಯಿಲ್ಲ. ಮನೆಯಲ್ಲಿ ಮಧುಮೇಹಿಗಳಿರುವ ಪ್ರತಿಯೊಬ್ಬ ಗೃಹಸ್ಥನೂ ಈ ಮಾತನ್ನು ಆಲೋಚಿಸಿ, ಹರಾಜಿಗೆ ಮೊದಲೇ ಆಸ್ಪತ್ರೆಯ ದಾರಿಯನ್ನು ಹಿಡಿಯುವನಾಗಲಿ.